ಮಾವ ಪಾಸ್ ಮಾಡಿದ ಗಂಡು

ನೀವು ಗಂಡ ಹೆಂಡತಿ ಜೋಡಿಯಾಗಿ ಹಲಸೂರಿನ ಕಡೆ ಬರುವುದಿದ್ದರೆ ಒಂದು ಮಾತು ಕೇಳಿ. ಮೆಟ್ರೋ ಸ್ಟೇಷನ್ನಿನ ಕೆಳಗೆ ಒಂದು ಟೀ ಅಂಗಡಿಯಿದೆ. ಅದರ ಎದುರು ಮಾತ್ರ ದಯವಿಟ್ಟು ರಸ್ತೆ ದಾಟಬೇಡಿ! ಅಲ್ಲಿ ಬೆಂಚಿನ ಮೇಲೆ ನಮ್ಮ ಸೋದರಮಾವ ಕೂತಿರುತ್ತಾರೆ. ಒಂದು ಕೈಯಲ್ಲಿ ಟೀ, ಇನ್ನೊಂದು ಕೈಯಲ್ಲಿ ಬನ್ನು. ನೀವು ಈ ಫುಟ್‌ಪಾತಿನಿಂದ ಆ ಫುಟ್‌ಪಾತು ತಲುಪುವಷ್ಟರಲ್ಲಿ ನಿಮ್ಮ ಸಂಸಾರದ ಜಾತಕ ಅವರ ಬಾಯಲ್ಲಿರುತ್ತದೆ. ಹೆಂಡತಿಯ ಕೈ ಹಿಡಿದು ದಾಟಿದಿರಾ? ಮದುವೆಯಾಗಿ ವರ್ಷ ತುಂಬಿಲ್ಲ. ಮೊಣಕೈ ಹಿಡಿದಿರಾ? ಮಕ್ಕಳಿದ್ದಾರೆ. ಅವರ ಹ್ಯಾಂಡ್‌ಬ್ಯಾಗಿನ ಪಟ್ಟಿ ಹಿಡಿದು ಎಳೆದುಕೊಂಡು ಹೋದಿರಾ? ಇಬ್ಬರ ಹೆಸರಿನಲ್ಲೂ ಮನೆ ಸಾಲ ಇದೆ!

ಇಷ್ಟು ಚೂಪು ಕಣ್ಣಿನ ಮನುಷ್ಯನಿಗೆ ತನ್ನದೇ ಬೀದಿಯಲ್ಲಿದ್ದ ಒಬ್ಬರ ಮನಸ್ಸು ಕಾಣಲಿಲ್ಲ. ಕಾಣಲಿಲ್ಲವೋ, ಕಂಡೂ ಕಣ್ಣು ಮುಚ್ಚಿಕೊಂಡರೋ, ಅದನ್ನು ನೀವೇ ಹೇಳಬೇಕು. ನಾನು ಸುಮ್ಮನೆ ನಗಿಸಿಕೊಂಡು ಹೋಗುತ್ತೇನೆ. ಸ್ವಲ್ಪ ಹೆಚ್ಚು ಕಡಿಮೆ ಸೇರಿಸುತ್ತೇನೆ, ಅದು ನನ್ನ ಹುಟ್ಟುಗುಣ. ಆದರೆ ಕೊನೆಯ ಭಾಗಕ್ಕೆ ಏನೂ ಸೇರಿಸಿಲ್ಲ. ಸೇರಿಸಲು ಜಾಗವೇ ಇರಲಿಲ್ಲ.

ಮಾವ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಪಂಪಿನ ಬಿಡಿಭಾಗಗಳು ಅವರ ಮೇಜಿನ ಮುಂದೆ ಬಂದು ಸಾಲಾಗಿ ನಿಲ್ಲುತ್ತವೆ. ಸರಿ ಇದ್ದರೆ ಹಸಿರು ಸ್ಟಿಕ್ಕರ್, ರಿಪೇರಿ ಮಾಡಬಹುದಾದರೆ ಹಳದಿ, ಗುಜರಿಗೆ ಹೋಗುವುದಾದರೆ ಕೆಂಪು. ಪಾಸ್, ರೀವರ್ಕ್, ರಿಜೆಕ್ಟ್. ಇದು ಅವರ ಕೆಲಸ. ತೊಂದರೆ ಏನೆಂದರೆ, ಕೆಲಸ ಮುಗಿದ ಮೇಲೂ ಸ್ಟಿಕ್ಕರು ಖಾಲಿಯಾಗುತ್ತಿರಲಿಲ್ಲ. ಮನೆಗೆ ಬರುವ ಬಸ್ಸಿನಲ್ಲಿ ಕಂಡಕ್ಟರಿನಿಂದ ಹಿಡಿದು ನಮ್ಮಮ್ಮನ ಉಪ್ಪಿಟ್ಟಿನವರೆಗೆ ಎಲ್ಲದಕ್ಕೂ ಅಂಟಿಸುತ್ತಾ ಬರುತ್ತಿದ್ದರು.

ಒಂದು ಸಂಜೆ ನಮ್ಮ ಅಪ್ಪ ಅಮ್ಮನೇ ಅವರ ಎದುರು ರಸ್ತೆ ದಾಟಿಬಿಟ್ಟರು. ಅಪ್ಪ ಎಂದಿನಂತೆ ರಾಕೆಟ್ಟಿನ ಹಾಗೆ ಆ ಕಡೆ ಹಾರಿ, ಅಲ್ಲಿ ನಿಂತು, ಆಮೇಲೆ ತಮಗೊಬ್ಬಳು ಹೆಂಡತಿ ಇದ್ದಾಳೆಂದು ನೆನಪಿಸಿಕೊಂಡು ತಿರುಗಿ ನೋಡಿದರು. ಅಮ್ಮ ಡಿವೈಡರಿನ ಮೇಲೆ, ಒಂದು ಕಡೆ ವೋಲ್ವೋ ಇನ್ನೊಂದು ಕಡೆ ನೀರಿನ ಟ್ಯಾಂಕರ್, ನಡುವೆ ಮಹಾರಾಣಿಯ ಹಾಗೆ ನಿಂತಿದ್ದರು.

"ಭಾವ, ನಿಮ್ದು ಹಳದಿ" ಎಂದರು ಮಾವ ಮನೆಗೆ ಬಂದ ಮೇಲೆ.

"ಏನ್ ಹಳದಿ?"

"ರೀವರ್ಕ್. ರಿಜೆಕ್ಟ್ ಅಲ್ಲ, ಗಾಬರಿ ಆಗ್ಬೇಡಿ. ಸ್ವಲ್ಪ ಉಜ್ಜಿದ್ರೆ ಸರಿಹೋಗ್ತೀರ."

ಅಪ್ಪ ಅವತ್ತು ರಾತ್ರಿ ಊಟ ಬಿಟ್ಟರು. ಆದರೆ ಮಾರನೆಯ ದಿನದಿಂದ ರಸ್ತೆ ದಾಟುವಾಗ ಅಮ್ಮನ ಸೆರಗಿನ ತುದಿಯನ್ನು ಹಿಡಿದುಕೊಳ್ಳಲು ಶುರು ಮಾಡಿದರು. ಅಮ್ಮನಿಗೆ ಅದರಿಂದ ನಡೆಯುವುದೇ ಕಷ್ಟವಾಗಿದೆ, ಆದರೂ ಬಿಡಿ ಎಂದು ಒಂದು ಸಲವೂ ಹೇಳಿಲ್ಲ!

ನಮ್ಮ ಕಡೆ ಒಂದು ಪದ್ಧತಿ. ಹೆಣ್ಣು ಕೊಡುವ ಮಾತು ಗಟ್ಟಿಯಾಗುವ ಮೊದಲು, ಹೆಣ್ಣಿನ ಕಡೆಯ ನಂಬಿಕಸ್ಥರೊಬ್ಬರು ಗಂಡಿನ ಬೀದಿಗೆ ಹೋಗಿ ವಿಚಾರಿಸಿಕೊಂಡು ಬರಬೇಕು. ಸಾಮಾನ್ಯವಾಗಿ ಏನು ಮಾಡುತ್ತಾರೆ? ಪಕ್ಕದ ಮನೆಯವರನ್ನು, ದಿನಸಿ ಅಂಗಡಿಯವನನ್ನು ಕೇಳುತ್ತಾರೆ. ಮಾವನಿಗೆ ಇದು ತೀರಾ ಹಳೆಯ ಕಾಲದ ತಂತ್ರಜ್ಞಾನ.

"ಹೊರಗಿಂದ ಪೇಂಟ್ ನೋಡಿ ಪಂಪ್ ಪಾಸ್ ಮಾಡ್ತಾರೇನೇ? ನೀರು ಬಿಟ್ಟು ನೋಡ್ಬೇಕು" ಎನ್ನುತ್ತಿದ್ದರು ನನಗೆ.

ಗಂಡಿಗೇ ನೀರು ಬಿಟ್ಟು ನೋಡುವ ಈ ಪರೀಕ್ಷೆ ಎಷ್ಟು ಹೆಸರುವಾಸಿಯಾಯಿತೆಂದರೆ, ಹಲಸೂರಿನಲ್ಲಿ ಹೆಣ್ಣು ಮಕ್ಕಳಿದ್ದ ಮನೆಯವರೆಲ್ಲ ಜ್ಯೋತಿಷಿಗಿಂತ ಮೊದಲು ಮಾವನ ಹತ್ತಿರ ಬರುತ್ತಿದ್ದರು. ವಿಚಾರಿಸಲು ಹೋಗುವಾಗ ಮಾವ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಒಂಟಿ ಗಂಡಸು ಯಾರದೋ ಬೀದಿಯಲ್ಲಿ ಸುತ್ತಿದರೆ ಜನ ಬೇರೇನೋ ಅಂದುಕೊಳ್ಳುತ್ತಾರೆ. ಪಿಯುಸಿ ಓದುವ ಸೊಸೆ ಪಕ್ಕದಲ್ಲಿ ಏನಾದರೂ ತಿನ್ನುತ್ತಾ ನಿಂತಿದ್ದರೆ ಗೌರವಸ್ಥ ಸಂಸಾರಿಯ ಹಾಗೆ ಕಾಣುತ್ತಾರೆ. ನಾನು ಈ ಸಾಮಾಜಿಕ ಸೇವೆಗಾಗಿ ಎಷ್ಟು ಸಮೋಸ ತಿಂದಿದ್ದೇನೆಂದರೆ, ನನ್ನ ಮದುವೆಗೆ ವಿಚಾರಿಸಲು ಯಾರಾದರೂ ಬಂದರೆ ಬೀದಿಯವರು ಮೊದಲು ಹೇಳುವುದು ಅದನ್ನೇ!

ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಒಬ್ಬ ಗಂಡಿನ ಪರೀಕ್ಷೆ ಕೇಳಿ. ಹುಡುಗ ಸಿನಿಮಾ ಹೀರೋ. ನಗು ನೋಡಿದರೆ ಹಲ್ಲುಪುಡಿ ಜಾಹೀರಾತು. ಮಾವ ಹೋಗಿ ಒಂದು ಶರ್ಟು ತೋರಿಸಿ ಎಂದರು. ತೋರಿಸಿದ. ಇನ್ನೊಂದು ಎಂದರು. ಅಂಗಡಿಯ ಕಪಾಟು ಖಾಲಿಯಾಗಿ, ಕೌಂಟರಿನ ಮೇಲೆ ನಂದಿಬೆಟ್ಟದಷ್ಟು ಶರ್ಟು ಬಿದ್ದು, ಅದರ ಹಿಂದೆ ಹುಡುಗನ ಮುಖ ಮುಳುಗಿ ಹೋಗಿ, ಬರೀ ಕೂದಲು ಕಾಣುವ ಹೊತ್ತಿಗೆ ಮಾವ, "ಮೊದಲ್ನೇದು ಚೆನ್ನಾಗಿತ್ತು. ಆದ್ರೆ ಇವತ್ತು ಬೇಡ" ಎಂದರು.

ಬೆಟ್ಟದ ಹಿಂದಿನಿಂದ ಒಂದು ಶರ್ಟು ಹಾರಿ ಬಂದು ನನ್ನ ಸಮೋಸದ ಮೇಲೆ ಬಿತ್ತು. ಜೊತೆಗೆ ಮೂರು ಭಾಷೆಯಲ್ಲಿ ಬೈಗುಳ.

"ಕೆಂಪು" ಎಂದರು ಮಾವ, ಹೊರಗೆ ಬಂದು.

"ಮಾವ, ಆ ಜಾಗದಲ್ಲಿ ನಾನಿದ್ರೂ ಎಸೀತಿದ್ದೆ."

"ನಿನ್ನೂ ಯಾರಿಗೂ ಕೊಡಲ್ಲ ಬಿಡು."

ಕೊಡುವ ಮಾತಿಗೆ ಬಂದರೆ, ನನ್ನ ವಿಷಯವೂ ಒಂದು ಇತ್ತು. ಕಾಲೇಜಿನಲ್ಲಿ ಒಬ್ಬ ಸ್ನೇಹಿತ. ಬರೀ ಸ್ನೇಹಿತ! ನಗಬೇಡಿ. ಹಲಸೂರು ಕೆರೆಯ ಹತ್ತಿರ ಬೆಂಚಿನ ಮೇಲೆ ಒಂದೇ ಇಯರ್‌ಫೋನನ್ನು ಇಬ್ಬರ ಕಿವಿಗೆ ಹಂಚಿಕೊಂಡು ಹಾಡು ಕೇಳುತ್ತಾ, ನೀರನ್ನು ನೋಡುತ್ತಾ, ಜಗತ್ತಿನಲ್ಲಿ ನಮಗೆ ಮಾತ್ರ ಅರ್ಥವಾಗುವ ಏನೋ ಒಂದು ಇದೆ ಎಂಬ ಮುಖ ಮಾಡಿಕೊಂಡು ಕೂತಿದ್ದೆವು. ಎದುರಿಗೆ ಮಾವ ವಾಕಿಂಗ್ ಬಂದುಬಿಟ್ಟರು. ನನ್ನ ಜೀವ ಕೆರೆಯ ತಳಕ್ಕೆ ಹೋಯಿತು. ಅವರು ಏನೂ ನೋಡದವರ ಹಾಗೆ ಹೋದರು. ಮನೆಯಲ್ಲಿ ಅಮ್ಮನಿಗೂ ಹೇಳಲಿಲ್ಲ. ಮಾರನೆಯ ದಿನ ಕಾಫಿ ಕುಡಿಯುತ್ತಾ ಮೆಲ್ಲಗೆ ಕೇಳಿದರು.

"ಆ ಇಯರ್‌ಫೋನಲ್ಲಿ ಒಂದು ಕಡೆ ಕೆಲ್ಸ ಮಾಡಲ್ಲ ಅಲ್ವಾ?"

"ನಿಮ್ಗೆ ಹೆಂಗೊತ್ತು?"

"ಅವನು ತಲೆ ಆಡಿಸ್ತಿದ್ದ, ನೀನು ಅವನ್ನ ನೋಡ್ಕೊಂಡು ತಲೆ ಆಡಿಸ್ತಿದ್ದೆ. ಕೆಲ್ಸ ಮಾಡೋ ಕಡೆ ಯಾರ ಕಿವೀಲಿತ್ತು, ಯೋಚ್ನೆ ಮಾಡು."

ಯೋಚನೆ ಮಾಡಿದೆ. ವಾರ ಕಳೆಯುವುದರೊಳಗೆ ಆ ಸ್ನೇಹ ಮುಗಿಯಿತು. ನಾನು ಅಳುತ್ತಿದ್ದಾಗ ಮಾವ ಏನೂ ಬೋಧನೆ ಮಾಡಲಿಲ್ಲ. ಹೊಸ ಇಯರ್‌ಫೋನ್ ತಂದು ಕೊಟ್ಟು, "ಎರಡೂ ಕಡೆ ಚೆಕ್ ಮಾಡಿದ್ದೀನಿ" ಎಂದು ಹೋದರು. ಇಂಥವರಿಗೆ ಏನು ತಿಳಿಯುವುದಿಲ್ಲ ಹೇಳಿ?

ಒಂದು ತಿಳಿಯಲಿಲ್ಲ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಮಿಸ್ ಇದ್ದರು. ಕುಕ್ ಟೌನಿನ ಒಂದು ಶಾಲೆಯಲ್ಲಿ ಕನ್ನಡ ಟೀಚರು. ಹಾಸಿಗೆ ಹಿಡಿದಿದ್ದ ತಂದೆಯನ್ನು ನೋಡಿಕೊಳ್ಳುತ್ತಲೇ ಮದುವೆಯ ವಯಸ್ಸನ್ನು ದಾಟಿಸಿಕೊಂಡವರು. ಪ್ರತಿ ಭಾನುವಾರ ಬೆಳಗ್ಗೆ ಮಾವ ಮತ್ತು ಮಿಸ್ ಒಟ್ಟಿಗೆ ರಸೆಲ್ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ನಾನು ಹುಟ್ಟುವ ಮೊದಲಿನಿಂದ ಹೋಗುತ್ತಿದ್ದಾರೆ, ನಾನು ಹೋದ ಮೇಲೂ ಹೋಗುತ್ತಾರೆ ಎಂದುಕೊಂಡಿದ್ದೆ. ಎರಡೂ ಚೀಲ ಮಾವನ ಕೈಯಲ್ಲಿ, ಎರಡೂ ಮನೆಯ ಚರ್ಚೆ ಮಿಸ್ ಬಾಯಲ್ಲಿ. ಮಾವ ಮದುವೆ ಅಂತ ಆಗುವುದಿದ್ದರೆ ಯಾರನ್ನು ಎಂಬುದು ಬೀದಿಯ ಹೂವಿನ ಅಜ್ಜಿಯಿಂದ ಹಿಡಿದು ಗ್ಯಾಸ್ ಸಿಲಿಂಡರ್ ತರುವವನವರೆಗೆ ಎಲ್ಲರಿಗೂ ಗೊತ್ತಿತ್ತು.

ಒಮ್ಮೆ ನಾನೂ ಮಾರ್ಕೆಟ್ಟಿಗೆ ಜೊತೆಗೆ ಹೋಗಿದ್ದೆ. ಮಾವ ಟೊಮೇಟೊಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರು.

"ಅದೇನ್ ಫ್ಯಾಕ್ಟರೀಲಿ ಮಾಡಿದ್ದಾ? ಸಾರಿಗೆ ಹಾಕಿದ್ಮೇಲೆ ಯಾರಿಗ್ ಕಾಣತ್ತೆ?" ಎಂದರು ಮಿಸ್.

"ಯಾರಿಗೂ ಕಾಣಲ್ಲ ಟೀಚರ್. ನನಗೆ ಗೊತ್ತಿರತ್ತಲ್ಲ."

ಅಂಗಡಿಯ ಭಾಯಿಗೆ ತಾಳ್ಮೆ ಮುಗಿಯಿತು. "ಸಾಬ್, ಟಮಾಟರ್ ಲೇನೇಕೊ ಆಯೇ ಕಿ ಶಾದಿ ಕರ್ನೇಕೊ?" ಎಂದ. ಕೊಳ್ಳಲು ಬಂದಿರೋ, ಅದನ್ನು ಮದುವೆ ಆಗಲು ಬಂದಿರೋ ಎಂದು! ಆಮೇಲೆ ಮಿಸ್ ಕಡೆ ತಿರುಗಿ, "ಭಾಬೀ, ನೀವೇ ತಗೊಳ್ಳಿ" ಎಂದ.

ಭಾಬೀ ಎಂದರೆ ಅತ್ತಿಗೆ. ಮಾವನ ಕೈಯಿಂದ ಟೊಮೇಟೊ ಜಾರಿತು. "ಅವ್ರು ಟೀಚರ್" ಎಂದರು. ಮಿಸ್ ಮಾತ್ರ ಭಾಯಿಯನ್ನು ತಿದ್ದಲಿಲ್ಲ. ಇಡೀ ದಿನ ಮಕ್ಕಳ ಕಾಗುಣಿತ ತಿದ್ದುವವರು, ಅದೊಂದನ್ನು ಹಾಗೇ ಬಿಟ್ಟರು!

ಅಮ್ಮ ಆಗಾಗ ಮಾವನಿಗೆ ಗಂಟು ಬೀಳುತ್ತಿದ್ದರು. "ಲೋ, ನೀನ್ ಕೇಳ್ತೀಯೋ, ನಾನ್ ಹೋಗಿ ಕೇಳ್ಲೋ?"

"ಅಕ್ಕಾ, ಸುಮ್ನಿರು. ಪ್ರೀತಿ, ಸ್ನೇಹ, ಮದುವೆ ಮೂರೂ ಬೇರೆ ಬೇರೆ ಡಿಪಾರ್ಟ್‌ಮೆಂಟು. ಪ್ರೀತಿ ಪ್ರೊಡಕ್ಷನ್ನು, ಬರೀ ಶಬ್ದ. ಮದುವೆ ಡಿಸ್ಪ್ಯಾಚು, ಪ್ಯಾಕ್ ಮಾಡಿ ಕಳ್ಸಿದ್ರೆ ಮುಗೀತು. ಸ್ನೇಹ ಸ್ಟೋರ್ಸ್ ಇದ್ದಂಗೆ. ಎಲ್ಲಾ ಅಲ್ಲೇ ಭದ್ರವಾಗಿರತ್ತೆ. ಸ್ಟೋರ್ಸಿಂದ ಯಾಕೆ ಆಚೆ ತೆಗೀಬೇಕು?"

"ತುಕ್ಕು ಹಿಡಿಯತ್ತೆ ಅಂತ ಕಣೋ!" ಎಂದರು ಅಮ್ಮ. ಕಾರ್ಖಾನೆಯ ಮುಖ ನೋಡದ ಅಮ್ಮ ಇನ್‌ಸ್ಪೆಕ್ಟರ್ ಸಾಹೇಬರಿಗೇ ಸ್ಟಿಕ್ಕರ್ ಅಂಟಿಸಿಬಿಟ್ಟಿದ್ದರು. ಆಗ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಈಗ ಅದನ್ನು ಹೇಳುವಾಗ ಯಾಕೋ ಅಷ್ಟು ನಗು ಬರುತ್ತಿಲ್ಲ.

ಮಿಸ್ ತಂದೆ ತೀರಿಕೊಂಡರು. ವರ್ಷದ ಕಾರ್ಯ ಮುಗಿದ ಮೇಲೆ ಒಂದು ದಿನ ಮಿಸ್ ನಮ್ಮ ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತರು. ಅಮ್ಮ ಚಪಾತಿ ಬೇಯಿಸುತ್ತಿದ್ದರು. ಮಾವ ಒಂದೊಂದನ್ನೂ ಎಷ್ಟು ದುಂಡಗಿದೆ ಎಂದು ಪರೀಕ್ಷಿಸುತ್ತಾ ತಿನ್ನುತ್ತಿದ್ದರು.

"ಅಣ್ಣ ಒಂದು ಸಂಬಂಧ ತಂದಿದ್ದಾನೆ" ಎಂದರು ಮಿಸ್. "ಕೆ.ಆರ್. ಪುರದಲ್ಲಿ ಬೇಕರಿ ಇದೆಯಂತೆ. ಹೆಂಡತಿ ತೀರ್ಕೊಂಡು ತುಂಬಾ ದಿನ ಆಯ್ತಂತೆ, ಮಕ್ಕಳಿಲ್ಲ. ನೀವು ಊರಿಗೆಲ್ಲಾ ವಿಚಾರಿಸ್ತೀರ. ನನಗೂ ವಿಚಾರಿಸಿ ಕೊಡ್ತೀರಾ?"

ಮಾವನ ಬಾಯಲ್ಲಿದ್ದ ಚಪಾತಿ ಅಲ್ಲೇ ನಿಂತಿತು. ನನಗೆ ಚೆನ್ನಾಗಿ ನೆನಪಿದೆ, ಮಿಸ್ ಮಾವನನ್ನೇ ನೋಡುತ್ತಿದ್ದರು. ನೋಡುತ್ತಲೇ ಇದ್ದರು. ಒಂದು ಮಾತಿಗೆ ಎಷ್ಟು ಜಾಗ ಬೇಕೋ ಅಷ್ಟು ಜಾಗ ಬಿಟ್ಟು ನಿಂತಿದ್ದರು.

ಮಾವ ನೀರು ಕುಡಿದು ಚಪಾತಿ ಇಳಿಸಿ, "ಮಾಡೋಣ ಟೀಚರ್. ನಿಮಗ್ ಮಾಡ್ದೆ ಇನ್ಯಾರಿಗ್ ಮಾಡ್ಲಿ?" ಎಂದರು.

ಹೆಂಚಿನ ಮೇಲಿನ ಚಪಾತಿ ಕರಕಲಾಗಿತ್ತು. ಅಮ್ಮ ಅದನ್ನು ತೆಗೆದು ಮಾವನ ತಟ್ಟೆಗೇ ಹಾಕಿದರು.

ಭಾನುವಾರ ಬಿಟ್ಟು ಬೇರೆ ರಜೆ ನೋಡಿ ಮಾವ ಮತ್ತು ನಾನು ಮೆಟ್ರೋ ಹತ್ತಿ ಕೆ.ಆರ್. ಪುರಕ್ಕೆ ಹೋದೆವು. ಬೇಕರಿಯವರು ದಪ್ಪಗೆ, ಬೆಳ್ಳಗೆ, ಹಾಲಿನ ಬನ್ನಿನ ಹಾಗಿದ್ದರು. ಮಾವ ನನ್ನ ಹುಟ್ಟುಹಬ್ಬಕ್ಕೆಂದು ಅರ್ಧ ಕೆಜಿ ಕೇಕು ಹೇಳಿದರು. ನನ್ನ ಹುಟ್ಟುಹಬ್ಬ ಅವತ್ತಲ್ಲ, ಆ ತಿಂಗಳೇ ಅಲ್ಲ! ಅವರು ಕ್ರೀಮಿನಲ್ಲಿ ನನ್ನ ಹೆಸರು ಚೆಂದವಾಗಿ ಬರೆದು ಮುಗಿಸಿದರು. ಮಾವ, "ಅಯ್ಯೋ, ಇವಳದಲ್ಲ, ಇವಳ ತಂಗೀದು" ಎಂದರು. ನನಗೆ ತಂಗಿಯಿಲ್ಲ. ಬೇಕರಿಯವರು ಕೆರೆದು ಬೇರೆ ಹೆಸರು ಬರೆದರು. ಮಾವ, "ಅಲ್ಲಲ್ಲ, ತಂಗೀದು ಹೋದ ವಾರ ಆಯ್ತು. ಇದು ತಮ್ಮಂದು" ಎಂದರು. ನಮ್ಮ ಸಂಸಾರ ಹೀಗೆ ಬೆಳೆಯುತ್ತಾ ಹೋಯಿತು. ಆ ಮನುಷ್ಯ ಮತ್ತೆ ಕೆರೆದು, ಮತ್ತೆ ಬರೆದು, "ಪರ್ವಾಗಿಲ್ಲ ಸಾರ್. ಯಾರೋ ಒಬ್ರು ಹುಟ್ಟಿದ್ದಾರಲ್ಲ, ಅದೇ ಸಂತೋಷ" ಎಂದರು. ಕೆರೆದ ಕ್ರೀಮನ್ನೆಲ್ಲ ಒಂದು ಬನ್ನಿಗೆ ತುಂಬಿ ನನ್ನ ಕೈಗೆ ಕೊಟ್ಟರು.

ಅಲ್ಲೇ ಆ ಕ್ಷಣವೇ ನಾನು ಹಸಿರು ಸ್ಟಿಕ್ಕರ್ ಅಂಟಿಸಿಬಿಟ್ಟೆ. ನನ್ನನ್ನು ಕೊಳ್ಳುವುದು ಅಷ್ಟು ಸುಲಭ!

ವಾಪಸ್ ಬರುವಾಗ ಮಾವ ತೊಡೆಯ ಮೇಲೆ ಕೇಕಿನ ಡಬ್ಬಿ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು.

"ಹೆಂಗೆ ಮಾವ?"

"ತಪ್ಪೇ ಸಿಗ್ಲಿಲ್ಲ ಕಣೇ" ಎಂದರು, ಪರ್ಸು ಕಳೆದುಕೊಂಡವರ ದನಿಯಲ್ಲಿ.

ಮಿಸ್ ಮನೆಯ ಗೇಟಿನಲ್ಲಿ ವರದಿ ಒಪ್ಪಿಸಿದರು. ಪಾಸ್.

"ಚೆನ್ನಾಗ್ ನೋಡಿದ್ರಾ?" ಎಂದರು ಮಿಸ್.

"ನೋಡ್ದೆ."

"ಏನೂ ಕಾಣ್ಲಿಲ್ವಾ?"

"ಇಲ್ಲ ಟೀಚರ್."

"ಇನ್ನೊಂದ್ಸಲ ನೋಡ್ಕೊಂಡ್ ಬನ್ನಿ."

ಈಗ ಇಲ್ಲಿ ಸ್ವಲ್ಪ ಕಾರ್ಖಾನೆಯ ವಿಷಯ ಹೇಳಬೇಕು. ಒಬ್ಬ ಇನ್‌ಸ್ಪೆಕ್ಟರ್ ಪಾಸ್ ಮಾಡಿದ ಮಾಲನ್ನು ಮತ್ತೆ ನೋಡು ಎಂದು ವಾಪಸ್ ಕಳಿಸಿದರೆ, ಅಲ್ಲಿ ಅದಕ್ಕೆ ಒಂದೇ ಅರ್ಥ. ನಿನ್ನ ಕಣ್ಣಿನ ಮೇಲೆ ನಂಬಿಕೆಯಿಲ್ಲ ಎಂದು. ಮಾವ ಮನೆಗೆ ಬಂದು ಬುಸುಗುಟ್ಟಿದರು. "ನನ್ನ ಪಾಸಿಂಗನ್ನೇ ರೀಚೆಕ್ ಮಾಡ್ತಾರಾ? ಇಷ್ಟು ವರ್ಷದಲ್ಲಿ ನಮ್ಮ ಮ್ಯಾನೇಜರೇ ಮಾಡಿಲ್ಲ!"

ಅಮ್ಮ ಹಣೆ ಹಣೆ ಚಚ್ಚಿಕೊಂಡರು. "ದೇವ್ರೇ, ಇವ್ನಿಗೆ ಕಣ್ಣು ಕೊಟ್ಟೆ, ಸರಿ. ಅದರ ಹಿಂದೆ ಏನಾದ್ರೂ ಇಡ್ಬಾರ್ದಾಗಿತ್ತಾ?"

ಎರಡನೆಯ ಸಲ ಪರೀಕ್ಷೆ ಇನ್ನೂ ಕಠಿಣ. ಮಾವ ಪಫ್ಸು ತಗೊಂಡು ಒಂದು ತುದಿ ಕಡಿದು, "ಹಳಸಿದೆ" ಎಂದು ಗಲಾಟೆ ಎಬ್ಬಿಸಿದರು. ಅದು ಬಿಸಿ ಬಿಸಿ ಇತ್ತು. ನನ್ನ ನಾಲಿಗೆ ಸುಟ್ಟಿತ್ತು! ಬೇಕರಿಯವರು ಮಾವ ಕಡಿದಿದ್ದ ಪಫ್ಸಿನ ಇನ್ನೊಂದು ತುದಿಯನ್ನು ಮುರಿದು ತಿಂದು ನೋಡಿದರು. "ಈಗಷ್ಟೇ ಮಾಡಿದ್ದು ಸಾರ್. ಆದ್ರೂ ನಿಮ್ಗೆ ಹಿಡಿಸ್ಲಿಲ್ಲ ಅಂದ್ರೆ ಬಿಡಿ, ದಿಲ್‌ಪಸಂದ್ ಕೊಡ್ತೀನಿ" ಎಂದರು. ಆಮೇಲೆ ಮೆಲ್ಲಗೆ, "ಟೀಚರಮ್ಮನ ಕಡೆಯಿಂದ ಬಂದಿದ್ದೀರಿ ಅಂತ ಗೊತ್ತಾಯ್ತು ಸಾರ್. ಧಾರಾಳವಾಗಿ ವಿಚಾರಿಸಿ. ನಂಗೊಬ್ಳು ಮಗಳಿದ್ದಿದ್ರೆ ನಿಮ್ಮಂಥವ್ರನ್ನೇ ಕಳಿಸ್ತಿದ್ದೆ" ಎಂದರು.

ಎಂಥಾ ಒಳ್ಳೆಯ ಮನುಷ್ಯ! ದರಿದ್ರದವನು, ಒಂದು ಸಣ್ಣ ಕೆಟ್ಟ ಗುಣವನ್ನಾದರೂ ಇಟ್ಟುಕೊಳ್ಳಬಾರದಿತ್ತೇ?

ಮತ್ತೆ ಅದೇ ಗೇಟು. ಮತ್ತೆ ಪಾಸ್. ಮಿಸ್ ಗೇಟಿನ ಚಿಲಕವನ್ನು ಹಾಕಿದರು, ತೆಗೆದರು, ಹಾಕಿದರು. "ಕೊನೇ ಸಲ ಹೋಗ್ಬನ್ನಿ. ಆಮೇಲೆ ಕೇಳಲ್ಲ. ಅವ್ರನ್ನಷ್ಟೇ ಅಲ್ಲ, ಎಲ್ಲಾ ಯೋಚ್ನೆ ಮಾಡ್ಕೊಂಡ್ ಬಂದು ಹೇಳಿ" ಎಂದರು.

ಇದಕ್ಕಿಂತ ಬಿಡಿಸಿ ಒಬ್ಬ ಹೆಣ್ಣುಮಗಳು ಹೇಗೆ ಹೇಳಬೇಕು? ಬೋರ್ಡಿನ ಮೇಲೆ ಬರೆದು ಕೋಲಿನಿಂದ ತೋರಿಸಬೇಕೇ? ನನಗೆ ತಡೆಯಲಾಗಲಿಲ್ಲ. ಆ ಸಂಜೆ ಕೆರೆಯ ದಂಡೆಯಲ್ಲಿ ಮಾವನನ್ನು ಅಡ್ಡ ಹಾಕಿದೆ.

"ಮಾವ, ಮಿಸ್ ನಿಮ್ಮ ಕಣ್ಣನ್ನ ಡೌಟ್ ಮಾಡ್ತಿಲ್ಲ. ನೀವು ಬೇಡ ಅನ್ಲಿ ಅಂತ ಕಾಯ್ತಿದ್ದಾರೆ."

ಮಾವ ನಿಂತರು. ಆಮೇಲೆ ಕೂತರು. ತುಂಬ ಹೊತ್ತು ನೀರಿನ ಮೇಲಿನ ಬಾತುಕೋಳಿಗಳನ್ನು ನೋಡಿದರು. ಒಂದಕ್ಕೂ ಸ್ಟಿಕ್ಕರ್ ಅಂಟಿಸಲಿಲ್ಲ.

"ಗೊತ್ತು ಕಣೇ" ಎಂದರು ಕೊನೆಗೆ. "ಎರಡ್ನೇ ಸಲ ಕಳ್ಸಿದಾಗ್ಲೇ ಗೊತ್ತಾಯ್ತು. ಮನೇಲಿ ಬುಸುಗುಟ್ಟಿದ್ದು ಬರೀ ಹೊರಗಿನ ಪೇಂಟು."

"ಮತ್ತೆ?"

"ಫ್ಯಾಕ್ಟರೀಲಿ ಮೊದ್ಲನೇ ದಿನಾನೇ ಹೇಳ್ಕೊಡ್ತಾರೆ. ನೀನೇ ಮಾಡಿದ್ ಪೀಸನ್ನ ನೀನೇ ಪಾಸ್ ಮಾಡೋ ಹಾಗಿಲ್ಲ. ಅವ್ರು ನನ್ನ ನಂಬಿ ಇನ್ನೊಬ್ರನ್ನ ನೋಡೋಕೆ ಕಳ್ಸಿದ್ದಾರೆ. ನಾನ್ ಹೋಗಿ ನನ್ ಹೆಸ್ರೇ ಹೇಳ್ಕೊಂಡು ಬರ್ಲಾ? ಮೋಸ ಆಗಲ್ವಾ?"

"ಯಾರಿಗೆ ಮೋಸ?"

ಮಾವ ಚಪ್ಪಲಿಯ ತುದಿಯಿಂದ ನೆಲ ಕೆದರುತ್ತಾ, "ಅಕಸ್ಮಾತ್ ನಾನ್ ಕೇಳಿ, ಅವ್ರು ಅಯ್ಯೋ ಅಂದ್ಬಿಟ್ರೆ? ಆಮೇಲೆ ಭಾನುವಾರನೂ ಇರಲ್ಲ" ಎಂದರು.

ಅಷ್ಟೇ ನೋಡಿ. ಊರಿನ ಗಂಡುಗಳಿಗೆಲ್ಲ ನೀರು ಬಿಟ್ಟು ನೋಡುತ್ತಿದ್ದ ಮನುಷ್ಯನಿಗೆ ತನ್ನ ಒಂದು ಭಾನುವಾರ ಹೋಗಿಬಿಡುತ್ತದೆ ಎಂಬ ಹೆದರಿಕೆ! ಇನ್ನೊಬ್ಬ ಗಂಡನ್ನು ಪಾಸ್ ಮಾಡಿದರೂ ಆ ಭಾನುವಾರ ಹೋಗುತ್ತದೆ ಎಂಬ ಸರಳ ಲೆಕ್ಕ ಅವರಿಗೆ ಹೊಳೆಯಲಿಲ್ಲವೇ? ಹೊಳೆದಿರಬೇಕು. ಮಿಸ್ ಬಾಯಿಂದ "ಅಯ್ಯೋ" ಕೇಳಿ ಕಳೆದುಕೊಳ್ಳುವುದಕ್ಕಿಂತ, ಸುಮ್ಮನೆ ಕಳೆದುಕೊಳ್ಳುವುದು ಅವರಿಗೆ ಸುಲಭ ಎನಿಸಿತೋ ಏನೋ.

ಮೂರನೆಯ ಸಲ ನನ್ನನ್ನು ಕರೆಯಲಿಲ್ಲ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಒಬ್ಬರೇ ಹೋದರು. ಇಸ್ತ್ರಿ ನೋಡಿ ಅಮ್ಮನಿಗೆ ಆಸೆ ಹುಟ್ಟಿತು. "ಇವತ್ತು ಏನೋ ಮಾಡ್ತಾನೆ ಕಣೇ" ಎಂದು ಪಾಯಸಕ್ಕೆ ಶಾವಿಗೆ ಹುರಿದು ಇಟ್ಟುಕೊಂಡು ಕಾದರು. ಸಂಜೆ ಅವರು ಮಿಸ್ ಮನೆಯ ಗೇಟಿನ ಹತ್ತಿರ ಬಂದಾಗ ನಾವಿಬ್ಬರೂ ನಮ್ಮ ಮಹಡಿಯ ಮೇಲೆ ಒಣಗಿದ ಬಟ್ಟೆಗಳ ಹಿಂದೆ ನಿಂತಿದ್ದೆವು. ಬೀದಿ ಚಿಕ್ಕದು, ಎಲ್ಲ ಕೇಳಿಸುತ್ತಿತ್ತು.

"ಒಳ್ಳೆಯವ್ರು ಟೀಚರ್" ಎಂದರು ಮಾವ. "ನಂಗೆ ಸುಳ್ಳು ಹೇಳೋಕ್ ಬರಲ್ಲ."

"ಸುಳ್ಳು ಹೇಳಿ ಅಂತ ಯಾರ್ ಕೇಳಿದ್ರು?" ಎಂದರು ಮಿಸ್. "ಇನ್ನೇನಾದ್ರೂ ಹೇಳೋದಿದ್ಯಾ?"

ಅಮ್ಮ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಬಳೆ ಒತ್ತಿ ಗುರುತು ಬಿತ್ತು. ಮಾವನ ಬಾಯಿ ತೆರೆಯಿತು.

"ಮುಹೂರ್ತ ಬೆಳಗ್ಗೇದೇ ಇಡ್ಸಿ. ಸಾಯಂಕಾಲ ಕೆ.ಆರ್. ಪುರದ ಟ್ರಾಫಿಕ್ಕಲ್ಲಿ ಯಾರಿಗೂ ಬರೋಕಾಗಲ್ಲ."

ಮಿಸ್ ನಕ್ಕರು. ಮಾವನೂ ನಕ್ಕರು. ಗೇಟು ಸದ್ದಿಲ್ಲದೆ ಮುಚ್ಚಿತು. ಅಮ್ಮ ಕೆಳಗಿಳಿದು ಹೋಗಿ ಹುರಿದ ಶಾವಿಗೆಯನ್ನು ಡಬ್ಬಿಗೆ ಸುರಿದರು.

ಮುಹೂರ್ತ ಬೆಳಗ್ಗೆಯೇ ಇತ್ತು. ಚಿಕ್ಕ ಛತ್ರ, ವೇದಿಕೆಯ ಪಕ್ಕದಲ್ಲೇ ಎಲೆ ಹಾಕಿದ್ದರು. ಧಾರೆ ಮುಗಿದು ಮಿಸ್ ಸೀರೆ ಬದಲಾಯಿಸಲು ಒಳಗೆ ಹೋಗಿದ್ದಾಗ ಮದುಮಗ ಪಂಕ್ತಿಯ ಹತ್ತಿರ ಬಂದು ಎಲ್ಲರಿಗೂ ಬಡಿಸಿದ್ದಾರಾ ಎಂದು ನೋಡುತ್ತಿದ್ದರು. ನಾನು ಕೈ ತೊಳೆಯುವ ಕಡೆ ಸಿಕ್ಕಾಗ ದನಿ ತಗ್ಗಿಸಿ ಹೇಳಿದರು.

"ಏನಮ್ಮಾ, ನಿಮ್ಮಾವ ಮೂರ್ನೇ ಸಲ ಬಂದಾಗ ನನ್ನ ಏನೂ ಕೇಳ್ಲಿಲ್ಲ, ಗೊತ್ತಾ? ಟೀಚರಮ್ಮನ ಬಗ್ಗೆನೇ ಹೇಳ್ತಾ ಕೂತಿದ್ರು. ಬಲಗಡೆ ಕಿವಿ ಸ್ವಲ್ಪ ಮಂದ, ಯಾರಿಗೂ ಹೇಳ್ಕೊಳಲ್ಲ, ಅದಕ್ಕೆ ಯಾವಾಗ್ಲೂ ಎಡಗಡೆ ನಡೀರಿ ಅಂದ್ರು. ಸ್ಕೂಲಿಂದ ಬಂದ ತಕ್ಷಣ ಏನೂ ಕೇಳ್ಬೇಡಿ, ದಿನವೆಲ್ಲಾ ಮಾತಾಡಿರ್ತಾರೆ, ಕಾಫಿ ಕೊಟ್ಟು ಸುಮ್ನೆ ಪಕ್ಕದಲ್ಲಿ ಕೂತ್ಕೊಳಿ ಅಂದ್ರು. ಸಿಟ್ಟು ಬಂದ್ರೆ ಬೀರು ಕ್ಲೀನ್ ಮಾಡ್ತಾರೆ, ಹೆಲ್ಪ್ ಮಾಡೋಕ್ ಹೋಗ್ಬೇಡಿ ಅಂದ್ರು. ನಾನು ಕೇಳೇಬಿಟ್ಟೆ. ಸಾರ್, ಇಷ್ಟೆಲ್ಲಾ ಗೊತ್ತಿರೋ ನೀವ್ಯಾಕೆ... ಅಂತ. ಒಂದ್ ಮಾತ್ ಹೇಳಿ, ನಾನೇ ಬೇಡ ಅಂತ ಹೇಳ್ಕಳಿಸ್ತೀನಿ ಅಂತಾನೂ ಅಂದೆ."

"ಅದಕ್ಕೆ ಏನಂದ್ರು?"

"ಇನ್ನೊಂದ್ ಟೀ ಕೊಡಿ ಅಂ‍ದ್ರು."

ನಾನು ಪಂಕ್ತಿಗೆ ಬಂದು ಮಾವನ ಪಕ್ಕ ಕೂತೆ. ರಸ್ತೆಯಲ್ಲಿ, ಮಾರ್ಕೆಟ್ಟಿನಲ್ಲಿ, ಮೆಟ್ರೋ ಮೆಟ್ಟಿಲಲ್ಲಿ, ಮಾವ ಎಂದೂ ಮಿಸ್ ಎಡಗಡೆಯೇ ನಡೆಯುತ್ತಿದ್ದರು ಎನ್ನುವುದು ಆಗ ಹೊಳೆಯಿತು. ನಾವು ಯಾರೂ ಅದನ್ನು ನೋಡಿರಲಿಲ್ಲ. ಅವರ ಕಿವಿ ಮಂದವೆಂದು ಅಮ್ಮನಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮಿಸ್ ಹೊಸ ಸೀರೆಯುಟ್ಟು ವೇದಿಕೆಗೆ ಬಂದರು. ಛತ್ರವೆಲ್ಲ ಆ ಕಡೆ ತಿರುಗಿತು. ಮಾವ ಮಾತ್ರ ಎಲೆಯ ಮೇಲಿನ ಅನ್ನವನ್ನು ಕಲಸುತ್ತಲೇ ಇದ್ದರು. ಸಾರು ಇನ್ನೂ ಹಾಕಿಸಿಕೊಂಡಿರಲಿಲ್ಲ, ಬರೀ ಅನ್ನ.

"ಮಗಾ" ಎಂದರು, ತಲೆಯೆತ್ತದೆ. "ಸ್ವಲ್ಪ ಆ ಕಡೆ ನೋಡಿ ಹೇಳೇ. ಹೆಂಗಿದ್ದಾರೆ ಇಬ್ರೂ? ನಂಗೆ ನೋಡೋಕಾಗ್ತಿಲ್ಲ."

ನೋಡಿದೆ. ಮದುಮಗ ಬಲಗಡೆ ನಿಂತಿದ್ದರು. ಏನೋ ನೆನಪಾದವರ ಹಾಗೆ ಮಿಸ್ ಹಿಂದಿನಿಂದ ಸುತ್ತಿ ಬಂದು ಎಡಗಡೆ ನಿಂತು, ಬಗ್ಗಿ ಏನೋ ಹೇಳಿದರು. ಮಿಸ್ ಮೊದಲು ಬೆಚ್ಚಿ ಅವರ ಮುಖ ನೋಡಿದರು. ಆಮೇಲೆ ನಮ್ಮ ಪಂಕ್ತಿಯ ಕಡೆ ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು, ನಿಧಾನಕ್ಕೆ, ಅವರು ಹೇಳಿದ್ದಕ್ಕೆ ನಕ್ಕರು.

"ಚೆನ್ನಾಗಿದ್ದಾರೆ ಮಾವ" ಎಂದೆ.

"ನಗ್ತಿದ್ದಾರಾ?"

"ನಗ್ತಿದ್ದಾರೆ."

"ಸರಿ" ಎಂದರು. ಬಡಿಸುವವನು ಸಾರಿನ ಬಕೆಟ್ಟು ಹಿಡಿದು ಬಂದು ಕಾಯುತ್ತಾ ನಿಂತಿದ್ದ. ಮಾವನಿಗೆ ಅದು ಕಾಣಲಿಲ್ಲ. ನಾನೇ ಅವರ ಅನ್ನದ ನಡುವೆ ಬೆರಳಿನಿಂದ ಗುಂಡಿ ಮಾಡಿ, "ಇಲ್ಲಿಗೆ ಹಾಕಣ್ಣ, ಬಿಸಿ ಇರೋದು ಹಾಕು" ಎಂದೆ.